ಎಂಜಿನ್ನೂ ಒಂದು ಬ್ರೇಕು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಜೀಪಿನ ಎಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವುದು ಆ ಕಾಲದಲ್ಲಿ ನಮ್ಮ ಕಡೆಯ ಅನೇಕರಿಗಿದ್ದ ಚಟ. ಡೀಸೆಲ್ ಉಳಿಯುತ್ತದೆ ಎನ್ನುವುದು ನೆಪ. ನಿಜವಾಗಿ ಅದೊಂದು ಜಂಬ. ತೊಂಬತ್ತರ ದಶಕದ ಕೊನೆಯ ಆ ಬೆಳಿಗ್ಗೆಯೂ ನಾನು ಹಾಗೆಯೇ ಇಳಿಸಿದೆ. ಪಕ್ಕದಲ್ಲಿದ್ದವನು ನನ್ನ ಬಾಲ್ಯದ ಗೆಳೆಯ, ಕೊಟ್ಟಿಗೆಹಾರದಲ್ಲಿ ಜೀಪ್ ಗ್ಯಾರೇಜ್ ಇಟ್ಟಿದ್ದ ಮೆಕ್ಯಾನಿಕ್. ಪ್ರತಿ ತಿರುವಿಗೂ ಬೈದ.

"ಎಂಜಿನ್ ಹಾಕು ಮಾರಾಯ. ಇಳಿಜಾರಲ್ಲಿ ಎಂಜಿನ್ನೂ ಒಂದು ಬ್ರೇಕು."

"ನಿನ್ನ ಜೀವ ಅಷ್ಟು ತುಟ್ಟಿಯಾ?" ಎಂದು ನಕ್ಕೆ.

ಅವನಿಗೆ ಬರಲು ಮನಸ್ಸೇ ಇರಲಿಲ್ಲ. ನೀರೆಂದರೆ ಭಯ, ಈಜು ಬಾರದು. ಕಾಫಿ ಹೂ ಅರಳಿಸುವ ಹೂಮಳೆ ಬಂದು, ನೀರು ಹಾಯಿಸುವ ಕೆಲಸ ತಪ್ಪಿ, ನನ್ನ ತೋಟದಲ್ಲಿ ಎರಡು ದಿನ ಬಿಡುವಾಗಿತ್ತು. ಕರಾವಳಿಯ ಮೀನುಗಾರರ ಮನೆಯವನಾದ ನನ್ನ ಕಾಲೇಜು ಗೆಳೆಯ ದೋಣಿಯಲ್ಲಿ ಮೀನು ಹಿಡಿಯಲು ಬನ್ನಿ ಎಂದಿದ್ದ. ಒಬ್ಬನೇ ಹೋಗಲು ಬೇಸರವಾಗಿ ಇವನನ್ನು ಎಳೆದುಕೊಂಡು ಹೊರಟಿದ್ದೆ. ಹೊರಡುವಾಗ ಇವನ ತಾಯಿ ಜೀಪಿನ ಬಳಿ ಬಂದರು. ಅವನಂತೆ ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ.

"ಮಗ, ಇವನಿಗೆ ಈಜು ಬರಲ್ಲ. ನಂಗಿರೋದು ಇವನೊಬ್ಬ."

"ನಾನಿದೀನಲ್ಲ ಉಮ್ಮ, ನಿಮಗ್ಯಾಕೆ ಭಯ?" ಎಂದು ಗತ್ತಿನಿಂದ ಹೇಳಿದ್ದೆ.

ಕರಾವಳಿ ತಲುಪಿ, ದೋಣಿ ಹತ್ತಲು ಮೆಕ್ಯಾನಿಕ್ ಹಿಂದೆಮುಂದೆ ನೋಡಿದಾಗ "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?" ಎಂದು ರೇಗಿಸಿ ಹತ್ತಿಸಿದೆ. ದೋಣಿಯ ಗೆಳೆಯ ಮಾತ್ರ ನಗಲಿಲ್ಲ. ಖಾಲಿ ಸೀಮೆಎಣ್ಣೆ ಕ್ಯಾನೊಂದರ ಮುಚ್ಚಳ ಬಿಗಿಮಾಡಿ, ಹಗ್ಗದಿಂದ ಅವನ ಸೊಂಟಕ್ಕೆ ಕಟ್ಟಿದ. ಬಿದ್ದರೆ ಅದು ತೇಲಿಸುತ್ತದೆ. ನಂತರ ನದಿ ಸಮುದ್ರ ಸೇರುವ ಅಳಿವೆಯ ಕಡೆ ಕೈ ತೋರಿಸಿದ.

"ಅದನ್ನು ದಾಟುವುದು ಬೇಡ. ನೀರು ಇಳಿಯುವಾಗ ಅಲ್ಲಿ ತೆರೆ ಒಡೀತದೆ, ದೋಣಿ ಮಗುಚಿ ಹಾಕ್ತದೆ. ಒಳಗೇ ಹಿಡಿಯುವ."

ಉಪ್ಪುನೀರು ತುಂಬಿ ನಿಂತಿತ್ತು. ಸಿಗಡಿ ಸಿಕ್ಕಿಸಿ ಗಾಳ ಬಿಟ್ಟೆವು. ಎರಡು ಗಂಟೆಯಲ್ಲಿ ಹದಿನೈದಿಪ್ಪತ್ತು ಕಾಣೆ ಮೀನು ಬಿದ್ದವು. ಮೆಕ್ಯಾನಿಕ್ ಕೂಡ ಎರಡು ಹಿಡಿದು ಸ್ವಲ್ಪ ಮುಖ ಅರಳಿಸಿದ. ಆಮೇಲೆ ಮೀನು ಕಚ್ಚುವುದು ನಿಂತಿತು. ಭರತ ಮುಗಿದು ನೀರು ಸಮುದ್ರದ ಕಡೆ ಇಳಿಯತೊಡಗಿತ್ತು. ಇನ್ನೂ ಸ್ವಲ್ಪ ಕೆಳಗೆ ಒಂದು ಗುಂಡಿಯಿದೆ, ಅಲ್ಲಿ ನೋಡಿ ಮನೆಗೆ ಹೋಗುವ ಎಂದ ದೋಣಿಯವನು ಎಂಜಿನ್ ಹಾಕಿದ. ಅದರ ಹಿಡಿಯನ್ನು ನನ್ನ ಕೈಗೆ ಕೊಟ್ಟು, ಸಿಕ್ಕಾಗಿದ್ದ ಲಂಗರಿನ ಹಗ್ಗ ಬಿಡಿಸಲು ಮುಂದೆ ಹೋಗಿ ಕೂತ.

ದಡದ ತೆಂಗಿನಮರಗಳು ಸರಸರ ಹಿಂದಕ್ಕೆ ಹೋಗುತ್ತಿದ್ದವು. ನೀರೇ ನಮ್ಮನ್ನು ಒಯ್ಯುತ್ತಿತ್ತು. ಇಳಿಜಾರು ಕಂಡ ಕೈ ಸುಮ್ಮನಿರಲಿಲ್ಲ. ಎಂಜಿನ್ ಬಂದ್ ಮಾಡಿದೆ.

"ಯಾಕೆ?" ಎಂದ ಮೆಕ್ಯಾನಿಕ್.

"ತಾನಾಗೇ ಹೋಗ್ತಿದೆಯಲ್ಲ, ಸೀಮೆಎಣ್ಣೆ ಯಾಕೆ ಸುಡೋದು?"

ಗುಂಡಿಯ ಜಾಗ ಬಂತೆಂದು ನಾನು ನಿಲ್ಲಿಸಿದ್ದೇನೆ ಅಂದುಕೊಂಡನಂತೆ ದೋಣಿಯವನು, ತಲೆ ಎತ್ತಲಿಲ್ಲ. ಎತ್ತಿದ್ದು ತೆರೆಯ ಸದ್ದು ಕೇಳಿದಾಗ. ಅಳಿವೆಯ ಬಾಯಿಗೆ ಅಡ್ಡಲಾಗಿ ಬಿಳಿ ನೊರೆಯ ಗೋಡೆ ಏಳುತ್ತಿತ್ತು, ಬೀಳುತ್ತಿತ್ತು. ನಾವು ಅದರ ಕಡೆಗೇ ಹೋಗುತ್ತಿದ್ದೆವು.

"ಎಂಜಿನ್ ಹಾಕು!" ಎಂದು ಕೂಗಿದ. ಎಂಜಿನ್ ಶುರುಮಾಡುವ ಹಗ್ಗ ಎಳೆದೆ. ಮತ್ತೆ ಎಳೆದೆ. ಸದ್ದೇ ಇಲ್ಲ.

"ಪೆಟ್ರೋಲಿಗೆ ತಿರುಗಿಸದೇ ಬಂದ್ ಮಾಡಿದ್ಯಾ?" ಎಂದ ಮೆಕ್ಯಾನಿಕ್.

ಆಗಷ್ಟೇ ನನಗೆ ನೆನಪಾಯಿತು. ಅಂಥ ಎಂಜಿನ್ ಶುರುವಾಗುವುದು ಪೆಟ್ರೋಲಿನಲ್ಲಿ, ಓಡುವುದು ಸೀಮೆಎಣ್ಣೆಯಲ್ಲಿ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸದಿದ್ದರೆ ಒಳಗೆ ಸೀಮೆಎಣ್ಣೆ ಉಳಿದು, ತಣಿದ ಮೇಲೆ ಹತ್ತುವುದಿಲ್ಲ. ನನ್ನ ತೋಟದ ಸ್ಪ್ರಿಂಕ್ಲರ್ ಪಂಪೂ ಇದೇ ಜಾತಿಯದು. ಇದೇ ತಪ್ಪಿಗೆ ಆಳುಗಳನ್ನು ಎಷ್ಟು ಸಲ ಬೈದಿದ್ದೆನೋ.

ದೋಣಿಯವನು ಲಂಗರು ಎಸೆದ. ಅದು ಮರಳಿನಲ್ಲಿ ಕಚ್ಚದೆ ಜಾರುತ್ತಿತ್ತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಒತ್ತಿ ನಿಂತ. ಮೆಕ್ಯಾನಿಕ್ ದೋಣಿಯ ಅಂಚು ಹಿಡಿದು, ಅಕ್ಷರಶಃ ಅಂಬೆಗಾಲಿಟ್ಟು ಹಿಂದಕ್ಕೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ಎಂಜಿನ್ ಮೇಲೆ ಬಗ್ಗಲು ನೋಡಿದ. ಸೊಂಟದ ಕ್ಯಾನು ಅಡ್ಡ ಬಂತು. ಗಂಟು ಬಿಚ್ಚಿ ಅದನ್ನು ನನ್ನ ಮಡಿಲಿಗೆ ಹಾಕಿದ.

"ಬೇಡ, ಕಟ್ಕೊ" ಎಂದೆ. ದನಿ ನನ್ನದಲ್ಲ ಅನ್ನಿಸಿತು.

"ಸುಮ್ನೆ ಹಿಡ್ಕೊ. ಪೆಟ್ರೋಲ್ ಕೊಡು."

ಅವನ ಕೈ ಮಾತ್ರ ಗ್ಯಾರೇಜಿನಲ್ಲಿದ್ದಂತೆಯೇ ಇತ್ತು. ಪ್ಲಗ್ ಬಿಚ್ಚಿದ, ಅಂಗಿಯ ತುದಿಯಲ್ಲಿ ಒರೆಸಿದ, ಬೀಳದಿರಲೆಂದು ಹಲ್ಲಿನಲ್ಲಿ ಕಚ್ಚಿಕೊಂಡ. ಒಳಗಿದ್ದ ಸೀಮೆಎಣ್ಣೆ ಇಳಿಸಿದ. ನೊರೆಯ ಹನಿಗಳು ನಮ್ಮ ಮೇಲೆ ಬೀಳತೊಡಗಿದವು. ದೋಣಿ ಒಮ್ಮೆ ಪಕ್ಕಕ್ಕೆ ವಾಲಿದಾಗ ಅವನ ತಲೆ ನೀರಿನ ಅಂಚಿಗೆ ಬಂತು. ನಾನು ಅವನ ಬೆಲ್ಟು ಹಿಡಿದುಕೊಂಡೆ. ಸಾವಿಗಿಂತ ಹೆಚ್ಚಾಗಿ, ಒಬ್ಬನೇ ಬದುಕಿ ಉಮ್ಮನ ಮುಂದೆ ನಿಲ್ಲಬೇಕಾದೀತು ಎಂದು ಹೆದರಿದೆ. ನಾಚಿಕೆಬಿಟ್ಟು ಅತ್ತೆ.

ಪ್ಲಗ್ ಕೂರಿಸಿ ಹಗ್ಗ ಎಳೆದ. ಇಲ್ಲ. ಎರಡನೆಯ ಸಲ ಕೆಮ್ಮಿತು. ಮೂರನೆಯ ಸಲ ಹತ್ತಿಕೊಂಡಿತು. ದೋಣಿಯವನು ಲಂಗರಿನ ಹಗ್ಗ ಕತ್ತರಿಸಿ ಹಿಂದಕ್ಕೆ ಜಿಗಿದು ಹಿಡಿ ತಿರುಗಿಸಿದ. ತೆರೆಗೂ ನಮಗೂ ನಡುವೆ ಕಾಫಿ ಒಣಗಿಸುವ ಒಂದು ಕಣದಷ್ಟೂ ಜಾಗವಿರಲಿಲ್ಲ.

ದಡ ಸೇರಿದ ಮೇಲೆ ಮೆಕ್ಯಾನಿಕ್ ಒಣ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ನಿಂತಿದ್ದ. ನಾನು ಹಾಕಿದೆ. ಅವನು ಜೀಪಿನ ಕೀಲಿಗೆ ಕೈಚಾಚಿದ, ಕೊಟ್ಟೆ. ಘಾಟಿ ಹತ್ತುವಾಗ ಒಂದು ತಿರುವಿನಲ್ಲೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೈಗಿಗೆ ಕೊಟ್ಟಿಗೆಹಾರ ತಲುಪಿದಾಗ ಉಮ್ಮ ಬಾಗಿಲಲ್ಲೇ ಇದ್ದರು. ಮಗನ ತಲೆ ಸವರಿ, "ನೀರಿನ ಹತ್ರ ಹೆದರ್ಲಿಲ್ವಾ?" ಎಂದರು.

ಅವನು ನನ್ನ ಕಡೆ ನೋಡಲಿಲ್ಲ. "ಇವನಿದ್ನಲ್ಲ ಉಮ್ಮ" ಎಂದ.

ಅವರ ಕಣ್ಣು ತುಂಬಿತು. ಒಳಗೆ ಹೋಗಿ, ನಾವು ತಂದಿದ್ದ ಮೀನಿನಲ್ಲಿ ದೊಡ್ಡವನ್ನೆಲ್ಲ ಆರಿಸಿ ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು. ತೆಗೆದುಕೊಂಡೆ. ಬೇಡವೆಂದಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.