ಎಲ್ಲ ಕ್ಷೇಮ ಎಂದು ಬರೆಸಿದ ದೊಡ್ಡವ್ವ

ನಮ್ಮ ದೊಡ್ಡವ್ವ ರಾಚಮ್ಮನಿಗೆ ಹನಗೋಡಿನಲ್ಲಿ ಹೆಸರಿತ್ತು. ಒಣಗಿಸುವ ಹೊಗೆಸೊಪ್ಪನ್ನು ದಾರ ಹಾಕಿ ಕಡ್ಡಿಗೆ ಕಟ್ಟುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಬೇರೆಯವರು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಇವಳು ಮೂರನೆಯದಕ್ಕೆ ಕೈ ಹಾಕಿರುತ್ತಿದ್ದಳು, ಬಾಯಿಗೂ ಬಿಡುವಿರಲಿಲ್ಲ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿ ಪಿಯುಸಿವರೆಗೆ ಓದಿಸಿದ್ದೂ ಆ ಕೈಗಳೇ.

೨೦೦೬ರಲ್ಲಿ ಆ ಬೆರಳುಗಳ ಗೆಣ್ಣು ಊದಿಕೊಂಡವು. ಬೆಳಗ್ಗೆ ಎದ್ದರೆ ಚೊಂಬು ಹಿಡಿಯಲಾರಳು. ಮೈಸೂರಿನ ಡಾಕ್ಟರೊಬ್ಬರು ಕೀಲುವಾತ ಎಂದು ಮಾತ್ರೆ ಬರೆದರು. ಪದೇ ಪದೇ ಬರಲಾಗದವರಿಗೆಂದು ಅವರದೊಂದು ವೆಬ್‌ಸೈಟ್ ಇತ್ತು. ಎಂಟು ವಾರ, ವಾರಕ್ಕೊಂದು ಪಾಠ: ಬೆರಳಿನ ವ್ಯಾಯಾಮ, ಬಿಸಿನೀರಿನ ಶಾಖ, ಕೆಲಸದ ನಡುವೆ ವಿಶ್ರಾಂತಿ. ಪಾಠದ ಕೊನೆಗೆ ಒಂದೇ ಪ್ರಶ್ನೆ, ನೋವು ಹತ್ತಕ್ಕೆ ಎಷ್ಟು? ಜಾಸ್ತಿ ಎಂದವರನ್ನು ಡಾಕ್ಟರು ಬೇಗ ಕರೆಸಿ ಔಷಧಿ ಬದಲಾಯಿಸುತ್ತಿದ್ದರು. ನಾನು ಹುಣಸೂರಿನ ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಭಾನುವಾರ ಅವಳನ್ನು ಅಲ್ಲಿಗೇ ಕರೆಸಿಕೊಂಡು, ಇಂಗ್ಲಿಷ್ ಓದಿ ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ.

“ನೋವೆಷ್ಟು ದೊಡ್ಡವ್ವ?” ಮೊದಲ ಭಾನುವಾರ ಕೇಳಿದೆ.

“ಚೆನ್ನಾಗಿವ್ನಿ ಅಂತ ಬರಿ ಮಗ.”

“ಅಯ್ಯೋ ನಿನ್ನ! ತಲೆ ಬಾಚಕ್ಕೂ ನಾನೇ ಬೇಕು. ಇದಾ ಚೆನ್ನಾಗಿರದು?”

“ಕಾಗ್ದ ಬರಿಯೋವಾಗ ಮೊದ್ಲು ಕ್ಷೇಮ ಅಂತ್ಲೇ ಬರೀಬೇಕು ಕಣವ್ವ. ಕಷ್ಟ ಆಮ್ಯಾಕೆ ಯೋಳದು. ಅಷ್ಟು ದೊಡ್ಡೋರು ಪಾಪ ಕೇಳವ್ರೆ, ಮಕದ ಮ್ಯಾಲೆ ಎಸ್ದಂಗೆ ಯೋಳಕ್ಕಾಯ್ತದಾ? ಯೋಳ್ಕೊಟ್ಟಿದ್ದ ಮಾಡ್ನಿಲ್ಲ ಅಂದ್ಕತಾರೆ ಬುಡು.”

ಆ ಫಾರಮ್ಮಿನಲ್ಲಿ ‘ಆಮ್ಯಾಕೆ’ ಎನ್ನುವುದಕ್ಕೆ ಜಾಗವೇ ಇರಲಿಲ್ಲ. ಹಾಗೆಂದು ಜಗಳವಾಡಿದೆ. ಅವಳು ಮುಖ ಊದಿಸಿಕೊಂಡು ಕೂತಳು. ಹಾಳಾಗಿ ಹೋಗಲಿ ಎಂದು ‘ಎರಡು’ ಒತ್ತಿದೆ. ಮುಂದಿನ ವಾರವೂ ಎರಡು, ಅದರ ಮುಂದಿನ ವಾರವೂ ಎರಡು. ಕೊನೆಕೊನೆಗೆ ನಾನು ಕೇಳುವುದನ್ನೂ ಬಿಟ್ಟು ಒತ್ತುತ್ತಿದ್ದೆ.

ಎಂಟನೇ ವಾರ ಅಳುತ್ತಾ ಬಂದಳು. ಬೆರಳು ಸೊಟ್ಟಗಾಗಿ ದಾರವೇ ನಿಲ್ಲುತ್ತಿರಲಿಲ್ಲ. ಹೊಲದ ಯಜಮಾನ ಪುಟ್ಟಸ್ವಾಮಿ, ನಾಳೆಯಿಂದ ಬರಬೇಡ ಎಂದುಬಿಟ್ಟಿದ್ದ.

“ಈಗ ಕಷ್ಟ ಬರಿ ಮಗ” ಎಂದಳು.

ಒಂಬತ್ತು ಒತ್ತಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಏಳು ವಾರ ನೀವು ಚೆನ್ನಾಗಿದ್ದಿರಿ, ಈ ಸಲದ ತಪಾಸಣೆಗೆ ನೋವು ಜಾಸ್ತಿ ಎಂದಿದ್ದ ಬೇರೆಯವರನ್ನು ಕರೆದಿದ್ದೇವೆ, ಅದೇ ಮಾತ್ರೆ ಮುಂದುವರಿಸಿ. ಫೋನ್ ಮಾಡಿ ಕೂಗಾಡಿದೆ. ಐದು ತಿಂಗಳ ಆಚೆಗೆ ಒಂದು ದಿನ ಕೊಟ್ಟರು.

ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಕೀಲು ಸವೆದುಹೋಗಿದೆ, ಈ ಬೆರಳು ಇನ್ನು ನೆಟ್ಟಗಾಗುವುದಿಲ್ಲ ಎಂದರು. “ಮೊದಲೇ ಯಾಕಮ್ಮ ತಿಳಿಸಲಿಲ್ಲ?” ಎಂದು ಕೇಳಿದರು. ದೊಡ್ಡವ್ವ ತಲೆ ತಗ್ಗಿಸಿದಳು. ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು, ಆಮೇಲೆ ನನ್ನ ಮೇಲೇ ಬಂತು. ಒತ್ತಿದವಳು ನಾನೇ ತಾನೆ?

ಈಗ ಮುದ್ದೆ ಮುರಿದು ಅವಳ ಬಾಯಿಗಿಡುವವಳು ನಾನು. ಮೊನ್ನೆ ಆ ಸೈಟಿನಿಂದ, ಎಲ್ಲರಿಗೂ ಕಳಿಸುವ ಒಂದು ಮೇಲ್ ಬಂತು: ಹೇಗಿದ್ದೀರಿ? ನೋವು ಹತ್ತಕ್ಕೆ ಎಷ್ಟು?

“ಇನ್ನೂವೆ ಕೇಳ್ತಾವ್ರಾ, ಪಾಪ! ಚೆನ್ನಾಗವ್ಳೆ ಅಂತ ಬರ್ದಾಕು” ಎಂದಳು.

ಹತ್ತು ಒತ್ತಿದೆ. ನಿಮ್ಮ ಎಂಟು ವಾರ ಮುಗಿದಿದೆ, ಧನ್ಯವಾದ ಎಂದು ಬಂತು.

“ಏನಂದ್ರು ಮಗ?”

“ಸಂತೋಷ ಅಂದ್ರು ದೊಡ್ಡವ್ವ” ಎಂದೆ.