ಮಳೆಗಾಲಕ್ಕೊಂದು ಮನೆ

ನನಗೆ ಅವ್ವ ಎಂದರೆ ಮಳೆಗಾಲ. ಗದಗದ ಕಡೆಯ ನಮ್ಮ ಹಳ್ಳಿಗೆ ಅವಳು ಮಳೆ ಹಿಡಿಯುವ ಹೊತ್ತಿಗೆ ಗೋವಾದಿಂದ ಬರುತ್ತಿದ್ದಳು, ಮಳೆ ಬಿಡುತ್ತಿದ್ದಂತೆ ಹೊರಟುಬಿಡುತ್ತಿದ್ದಳು. ಅಪ್ಪ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದ. ಅವ್ವ ಕಲಂಗುಟ್ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ, ಬಣ್ಣದ ಲುಂಗಿ ಮಾರುತ್ತಿದ್ದಳು. ಮಳೆಯಲ್ಲಿ ಬೀಚಿಗೆ ಯಾರು ಬರುತ್ತಾರೆ? ಹಾಗಾಗಿ ವರ್ಷದಲ್ಲಿ ನಾಲ್ಕು ತಿಂಗಳು ಅವಳು ನನ್ನ ಪಾಲಿಗೆ, ಉಳಿದದ್ದು ಬೀಚಿನ ಪಾಲಿಗೆ. ನನ್ನನ್ನು ಅಜ್ಜಿ ಸಾಕಿದಳು, ಆಮೇಲೆ ಧಾರವಾಡದ ಹಾಸ್ಟೆಲ್ಲು ಸಾಕಿತು. ಬಿ.ಕಾಂ. ಮುಗಿದದ್ದೇ ತಡ, ಪಣಜಿಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು ಗೋವಾಕ್ಕೆ ಬಂದೆ. ಅದಕ್ಕೆ ಇದ್ದದ್ದು ಒಂದೇ ಕಾರಣ. ಒಂದು ಇಡೀ ವರ್ಷ, ಅವ್ವನ ಜೊತೆ ಒಂದೇ ಸೂರಿನಡಿ ಇರಬೇಕು ಎನ್ನುವುದು.

ಇಷ್ಟು ಸಣ್ಣ ಆಸೆಗೂ ಗೋವಾದಲ್ಲಿ ಎಷ್ಟು ಬಾಡಿಗೆ ಎಂದು ನನಗೆ ಗೊತ್ತಿರಲಿಲ್ಲ. ಪಣಜಿಯಲ್ಲಿ ಏಜೆಂಟರು ತೋರಿಸಿದ ಮನೆಗಳ ಡಿಪಾಜಿಟ್ ಕೇಳಿ ಒಳಗೆ ಕಾಲಿಡದೆಯೇ ವಾಪಸಾಗುತ್ತಿದ್ದೆ. ಅಗ್ಗದ್ದೊಂದು ಕೋಣೆ ಸಿಕ್ಕರೂ ಮಾಲೀಕರು ನನ್ನ ಹಿಂದಿ ಕೇಳಿ, 'ಘಾಟಿಯಾ?' ಎನ್ನುತ್ತಿದ್ದರು. ಘಟ್ಟದ ಮೇಲಿಂದ ಬಂದವರಿಗೆ ಅಲ್ಲಿ ಆ ಹೆಸರು. ಪದವಿ ಪ್ರಮಾಣಪತ್ರ ತೋರಿಸಿದರೂ ಘಟ್ಟ ಇಳಿಯುತ್ತಿರಲಿಲ್ಲ. ಸಾಂಖಳಿಯಂಥ ಒಳಊರುಗಳಲ್ಲಿ ಬಾಡಿಗೆ ಕಡಿಮೆ ಎಂದು ಕಚೇರಿಯವರು ಹೇಳಿದರು. ಆದರೆ ಗಂಟು ಹೊತ್ತು ದಿನಾ ಬೆಳಿಗ್ಗೆ ಬೀಚಿಗೆ ಹೋಗಬೇಕಾದ ಅವ್ವ ಅಷ್ಟು ದೂರದಿಂದ ಬರುವುದು ಹೇಗೆ? ಕೊನೆಗೆ ನಾನು ಪಣಜಿಯ ಒಂದು ಕೋಣೆಯಲ್ಲಿ ಬೇರೆ ಹುಡುಗಿಯರ ಜೊತೆ ಒಂದು ಮಂಚ ಹಿಡಿದೆ, ಅವ್ವ ಎಂದಿನಂತೆ ಬೀಚಿನ ಹೆಂಗಸರೆಲ್ಲ ಸಾಲಾಗಿ ಮಲಗುವ ತಗಡಿನ ಖೋಲಿಯಲ್ಲೇ ಉಳಿದಳು. ಒಂದೇ ಗೋವಾದಲ್ಲಿದ್ದು ರವಿವಾರಕ್ಕೊಮ್ಮೆ ಭೇಟಿ.

ಮೊದಲ ಮೇ ತಿಂಗಳ ಕೊನೆಗೆ ಅವ್ವನೇ ಒಂದು ಸುದ್ದಿ ತಂದಳು. ಬೀಚಿನಿಂದ ಸ್ವಲ್ಪ ಒಳಗೆ ಒಬ್ಬ ವಯಸ್ಸಾದ ಕ್ರಿಶ್ಚಿಯನ್ ಹೆಂಗಸಿನ ಮನೆ ಇತ್ತು. ಅದರ ಹಿಂದಿನ ಕೋಣೆಯನ್ನು ಸೀಜನ್ನಿನಲ್ಲಿ ಪ್ರವಾಸಿಗರಿಗೆ ಕೊಡುತ್ತಿದ್ದಳು. ಮಳೆಗಾಲದಲ್ಲಿ ಅದು ಖಾಲಿ ಬಿದ್ದು ಬೂಸ್ಟು ಹಿಡಿಯುತ್ತಿತ್ತು. ಬೂಸ್ಟು ಹಿಡಿಯುವುದಕ್ಕಿಂತ ನಾವಿರುವುದು ಲೇಸೆಂದು ಅವಳಿಗೆ ಅನ್ನಿಸಿರಬೇಕು. ಬಾಡಿಗೆ ನನ್ನ ಸಂಬಳಕ್ಕೆ ನಿಲುಕುವಂಥದ್ದು. ಕರಾರು ಒಂದೇ, ಮಳೆ ನಿಂತ ಮೇಲೆ ಬಿಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಹಾಸಿಗೆ ಸೆಪ್ಟೆಂಬರ್‌ವರೆಗೆ ಮಾತ್ರ ಇತ್ತು.

ಆ ಕೋಣೆಗೆ ಹೆಂಚಿನ ಮಾಡು, ಒಂದು ಮಂಚ, ಒಳಗೇ ಸಂಡಾಸು. ಅವ್ವ ನಲ್ಲಿ ತಿರುಗಿಸಿ ನೀರು ಬೀಳುವುದನ್ನು ನೋಡುತ್ತ ನಿಂತಳು. ನಾನು ಒಂದು ಹಾಲಿನ ಪ್ಯಾಕೆಟ್ ತಂದು, ಹೊಸ ಮನೆಗೆ ಹಾಲು ಉಕ್ಕಿಸೋಣವೆಂದು ಗ್ಯಾಸಿನ ಒಲೆ ಹಚ್ಚಿದೆ. ಅವ್ವ ಬಂದು ಆರಿಸಿದಳು.

"ಬ್ಯಾಡವಾ. ಇದು ಮಳಿ ಮನಿ. ಹಾಲ ಉಕ್ಕಸಿದ್ರ ಮನಿ ನಮ್ಮನ್ನ ತನ್ನವರು ಅಂದ್ಕೋತೈತಿ. ನಾಕ ತಿಂಗಳಕ್ಕ ಬಿಟ್ಟ ಹೋಗಾವ್ರು ನಾವು, ಸುಮ್ಮನ ಅದಕ್ಕ ಯಾಕ ಆಸೆ ಹಚ್ಚೂದು?"

"ಮತ್ತ ಯಾವಾಗ ಉಕ್ಕಸೂದ?"

"ಯಾವ ಮನ್ಯಾಗ ದೀಪಾವಳಿ ದೀಪ ಹಚ್ತೀವಲ್ಲ, ಆ ಮನ್ಯಾಗ ಉಕ್ಕಸೂಣು."

ನನಗೆ ನಗು ಬಂತು. ಆದರೆ ಅವ್ವ ನಗಲಿಲ್ಲ.

ಮಂಚದ ಕೆಳಗೆ ಒಂದು ಹಲಗೆ ಇತ್ತು. 'ರೂಮು ಬಾಡಿಗೆಗೆ ಇದೆ' ಎಂದು ಇಂಗ್ಲಿಷಿನಲ್ಲಿಯೂ ರಷ್ಯನ್ನಿನಲ್ಲಿಯೂ ಬರೆದ ಬೋರ್ಡು. ಮಳೆಯಲ್ಲಿ ಬಣ್ಣ ಹೋಗಬಾರದೆಂದು ಮನೆಯೊಡತಿ, ಅಲ್ಲಿಯವರ ಮಾತಿನಲ್ಲಿ ಮಾಲ್ಕೀಣಿ, ಅದನ್ನು ಅಲ್ಲಿ ಮಲಗಿಸಿದ್ದಳು. ನಾಲ್ಕು ತಿಂಗಳು ನಾವು ಅದರ ಮೇಲೆ ಮಲಗಿದೆವು. ಗಣಪತಿ ಹಬ್ಬ ಕಳೆದು ಬಿಸಿಲು ಬಿದ್ದ ಒಂದು ದಿನ ಅವಳು ಬಂದು, ಆಕಾಶ ನೋಡಿ, ಬೋರ್ಡು ಕೊಡಿ ಎಂದಳು. ಹೊರಡಿ ಎಂದು ಅವಳು ಬಾಯಿ ಬಿಟ್ಟು ಹೇಳುವ ಪ್ರಮೇಯವೇ ಬರಲಿಲ್ಲ. ಅವ್ವ ನೆಲ ತಿಕ್ಕಿ ತೊಳೆದು, ಗೋಡೆಗೆ ಬಡಿದಿದ್ದ ಮೊಳೆಯನ್ನೂ ಕಿತ್ತು ಅವಳ ಕೈಗೆ ಕೊಟ್ಟು, ತಗಡಿನ ಖೋಲಿಗೆ ಹೋದಳು. ನಾನು ಪಣಜಿಯ ಮಂಚಕ್ಕೆ ಹೋದೆ.

ಹೀಗೇ ಮರುವರ್ಷ, ಅದರ ಮರುವರ್ಷ. ಊರವರೆಲ್ಲ ಮಳೆ ಸಾಕಪ್ಪ ಎಂದು ಗೊಣಗುವಾಗ ನಾನು ಕಚೇರಿಯ ಕಿಟಕಿಯಿಂದ ಮೋಡ ಹುಡುಕುತ್ತಿದ್ದೆ. ಹಲ್ಲಿದ್ದರೆ ಕಡಲೆ ಇಲ್ಲ, ಕಡಲೆ ಇದ್ದರೆ ಹಲ್ಲಿಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿದಂತಿತ್ತು. ಮನೆ ಇದ್ದಾಗ ಅವ್ವನಿಗೆ ವ್ಯಾಪಾರವಿಲ್ಲ, ವ್ಯಾಪಾರವಿದ್ದಾಗ ಮನೆಯಿಲ್ಲ. ನನಗೆ ಆ ಮಾಲ್ಕೀಣಿಯ ಮೇಲೆ, ಪ್ರವಾಸಿಗರ ಮೇಲೆ, ಬಿಸಿಲಿನ ಮೇಲೂ ಸಿಟ್ಟು ಬರುತ್ತಿತ್ತು.

ನಾಲ್ಕನೆಯ ವರ್ಷ ಬಿಸಿಲು ಬಿದ್ದರೂ ಅವಳು ಬೋರ್ಡು ಕೇಳಲು ಬರಲಿಲ್ಲ. ನಾನು ಒಂದು ವಾರ ಉಸಿರು ಬಿಗಿಹಿಡಿದು, ಆಮೇಲೆ ತಡೆಯಲಾರದೆ ಹೋಗಿ ಕೇಳಿದೆ. ಹೊರದೇಶಗಳಲ್ಲಿ ಜನರ ನೌಕರಿಗಳು ಹೋಗಿವೆಯಂತೆ, ವಿಮಾನಗಳು ಖಾಲಿಯಂತೆ, ಈ ಸಲ ಸೀಜನ್ನೇ ಇಲ್ಲ, ಬೇಕಿದ್ದರೆ ಇರಿ ಎಂದಳು. ಬಾಡಿಗೆಯನ್ನೂ ಏರಿಸಲಿಲ್ಲ. ನಾನು ಅವಳ ಕೈ ಹಿಡಿದುಕೊಂಡುಬಿಟ್ಟೆ, ಅವಳಿಗೇ ಮುಜುಗರವಾಯಿತು.

ದೀಪಾವಳಿಯ ದಿನ ಹೊಸ್ತಿಲಿಗೆ ಪಣತಿ ಇಟ್ಟು ಅವ್ವ ಹೊಸ ಪಾತ್ರೆಯಲ್ಲಿ ಹಾಲು ಕಾಯಿಸಿದಳು. ಹಾಲು ಮೇಲೆದ್ದು, ಅಂಚು ದಾಟಿ, ಒಲೆಯ ಮೇಲೆ ಚುರ್ರೆಂದು ಹರಿಯಿತು. ಅವ್ವ ಕೈಮುಗಿದು ನಿಂತಿದ್ದಳು. ಅವಳ ಮುಖ ಅಷ್ಟು ಸಡಿಲವಾದದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಅಕ್ಟೋಬರಿನಲ್ಲಿ ಅವ್ವ ಎಷ್ಟು ಹೊತ್ತಿಗೆ ಏಳುತ್ತಾಳೆ, ನವೆಂಬರಿನ ಚಳಿಗೆ ಏನು ಹೊದೆಯುತ್ತಾಳೆ ಎಂಬುದನ್ನೆಲ್ಲ ನಾನು ಕಂಡದ್ದೇ ಆ ವರ್ಷ. ನಾನು ಖುಷಿಯಾಗಿದ್ದೆ, ನಾಚಿಕೆಯಿಲ್ಲದಷ್ಟು ಖುಷಿಯಾಗಿದ್ದೆ.

ಆದರೆ ಅವ್ವ ಬೆಳಿಗ್ಗೆ ಒಯ್ದ ಗಂಟು ಸಂಜೆ ಹಾಗೇ ವಾಪಸು ಬರುತ್ತಿತ್ತು. ನಮಗೆ ಕೋಣೆ ಉಳಿದದ್ದು ಬೀಚು ಬರಿದಾದ್ದರಿಂದ, ಬೀಚು ಬರಿದಾದರೆ ಅವ್ವನ ಗಂಟು ಕರಗುವುದಿಲ್ಲ. ಲೆಕ್ಕ ಓದಿದ ನನಗೆ ಇದು ಹೊಳೆದದ್ದು ತಡವಾಗಿ. ಅವ್ವನಿಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಒಂದು ದಿನವೂ ಅವಳು ಜನ ಬರಲಿ ಎಂದು ಬೇಡಿಕೊಂಡದ್ದನ್ನು ನಾನು ಕೇಳಲಿಲ್ಲ.

"ಯಾಪಾರ ಹೆಂಗವಾ?" ಎಂದರೆ, "ನಡದೈತಿ ಬಿಡು, ಮನ್ಯಾಗ ಅದೀವಲ್ಲ," ಎನ್ನುತ್ತಿದ್ದಳು.

ಕ್ರಿಸ್‌ಮಸ್ ಹತ್ತಿರ ಬಂದಾಗ ಮಾಲ್ಕೀಣಿ ಒಂದು ತಟ್ಟೆಯಲ್ಲಿ ಕೇಕು ತಂದಳು. ನಾನು ಬಾಗಿಲಲ್ಲೇ ತೆಗೆದುಕೊಂಡೆ. ಅವಳು ಹೋಗದೆ ನಿಂತಳು. ದಿಲ್ಲಿಯಿಂದ ಯಾರೋ ಫೋನು ಮಾಡಿದ್ದರು, ಹೊಸ ವರ್ಷಕ್ಕೆ ಬಂದು ಕೆಲವು ತಿಂಗಳು ಇರುತ್ತಾರಂತೆ, ಮುಂಗಡವನ್ನೂ ಕಳಿಸಿದ್ದರು. ಮನೆಯ ಮಾಡು ಸೋರುತ್ತದೆ, ಮಗ ದುಬೈಯಿಂದ ಏನೂ ಕಳಿಸುವುದಿಲ್ಲ, ನೀವೇ ಹೇಳಿ ಎಂದಳು. ನಾನು ಬಾಯಿಗೆ ಬಂದದ್ದು ಅನ್ನುವವಳಿದ್ದೆ. ಒಳಗಿನಿಂದ ಅವ್ವ ತನ್ನ ಬೀಚಿನ ಹಿಂದಿಯಲ್ಲಿ, ಆಯಿತಮ್ಮ, ನಾವು ಬಿಡುತ್ತೇವೆ ಎಂದಳು. ಆ ಸಲ ಬೋರ್ಡು ಹೊರಗೆ ತೆಗೆಯುವ ಅಗತ್ಯವೂ ಬೀಳಲಿಲ್ಲ. ಅದು ಮಂಚದ ಕೆಳಗೇ ಇತ್ತು, ನಾವು ಹೊರಬಿದ್ದೆವು.

ನೆಲ ತಿಕ್ಕುವಾಗ ಅವ್ವ ತಲೆ ಎತ್ತದೆ ಹೇಳಿದಳು, "ಹಾಲ ಉಕ್ಕಸಬಾರದಾಗಿತ್ತ."

"ಹಾಲಿಂದೇನ ತಪ್ಪ ಐತಿ ಯವ್ವಾ? ರೊಕ್ಕ ಇದ್ದವ್ರು ಬಂದ್ರು, ಇಲ್ಲದವ್ರು ಹೊಂಟೀವಿ. ಅಷ್ಟ."

"ಮನಿಗೆ ಗೊತ್ತಾತು, ನಾವು ನಿಂದ್ರಾಕ ಬಂದೀವಿ ಅಂತ. ಅದಕ್ಕ ಹೊರಗ ಹಾಕ್ತು."

ಹಾಲಿನ ಕಲೆ ಒಲೆಯ ಮೇಲೆ ಕಪ್ಪಗೆ ಉಳಿದಿತ್ತು. ಒಲೆ ನಮ್ಮದೇ, ಆದ್ದರಿಂದ ಅದನ್ನು ಹಾಗೇ ಗೋಣಿಚೀಲಕ್ಕೆ ಹಾಕಿದೆವು.

ಮುಂದಿನ ಜೂನಿಗೆ ಮಾಲ್ಕೀಣಿ ಮತ್ತೆ ಕರೆದಳು, ನಾವು ಮತ್ತೆ ಹೋದೆವು. ಹೋಗದೆ ಎಲ್ಲಿಗೆ ಹೋಗುವುದು? ಆ ಮಳೆಗಾಲದಲ್ಲೇ ಅವ್ವನ ಮೊಣಕಾಲುಗಳು ಊದಿಕೊಳ್ಳತೊಡಗಿದವು. ಮರುವರ್ಷ ಉಸುಕಿನಲ್ಲಿ ನಡೆಯುವುದು ಅವಳಿಂದ ಆಗಲಿಲ್ಲ. ಗಂಟನ್ನು ಇನ್ನೊಬ್ಬ ಹೆಂಗಸಿಗೆ ಮಾರಿ ಬಂದಳು. ಬೀಚು ಬಿಟ್ಟ ಮೇಲೆ ಸಾಂಖಳಿ ದೂರವೆನ್ನಲು ಕಾರಣವೇ ಉಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಖೋಲಿಯ ಮನೆ ಸಿಕ್ಕಿತು. ಅಲ್ಲಿಗೆ ಪ್ರವಾಸಿಗರು ಯಾರೂ ಬರುವುದಿಲ್ಲ, ಬಿಡಿ ಎನ್ನುವವರೂ ಇಲ್ಲ. ನಾನು ಬಯಸಿದ ಇಡೀ ವರ್ಷ ಕೊನೆಗೂ ಸಿಕ್ಕಿತು, ಅವ್ವ ನಡೆಯಲಾರದವಳಾದ ಮೇಲೆ.

ಹೊಕ್ಕ ದಿನ ನಾನೇ ಹಾಲು ತಂದು ಅದೇ ಒಲೆಯ ಮೇಲೆ ಇಟ್ಟೆ. ಅವ್ವ ಗೋಡೆ ಹಿಡಿದುಕೊಂಡು ಪಕ್ಕದಲ್ಲಿ ಬಂದು ನಿಂತಳು. ಹಾಲು ಕೆನೆಗಟ್ಟಿ ಮೇಲೆದ್ದು ಅಂಚಿಗೆ ಬಂತು. ನಾನು ಕೈಮುಗಿದೆ. ಅಷ್ಟರಲ್ಲಿ ಅವಳು ಬಗ್ಗಿ ಗ್ಯಾಸು ಆರಿಸಿ, ಉಫ್ ಎಂದು ಊದಿದಳು. ಹಾಲು ಕೆಳಗಿಳಿಯಿತು.

"ಸಾಕ ಬಿಡು," ಎಂದಳು. "ನಾವು ಬಂದೀವಿ ಅಂತ ಈ ಮನಿಗೆ ಗೊತ್ತಾಗೂದು ಬ್ಯಾಡ."

ಆ ಹಾಲಿನಲ್ಲೇ ಚಹಾ ಮಾಡಿ ಕುಡಿದೆವು. ಆ ವರ್ಷ ಗಣಪತಿ ಹಬ್ಬ ಮುಗಿದು ಬಿಸಿಲು ಬಿದ್ದ ದಿನ ನಾನು ಕಚೇರಿಯಿಂದ ಬಂದಾಗ ಅವ್ವ ನೆಲ ತೊಳೆದು, ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದಳು.