ಅಕ್ಕನ ಹಸಿರು ಉಗುರು

ನಮ್ಮಕ್ಕನ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ದೇವಸಮುದ್ರದ ಹತ್ತಿರ ನಮ್ಮೂರಿನಲ್ಲಿ ಅವಳು ಅಂಗನವಾಡಿ ಟೀಚರ್. ಗಿಡದ ಎಲೆಯನ್ನು ಚಿವುಟಿ ಮಕ್ಕಳ ಮೂಗಿಗೆ ಹಿಡಿಯುವಳು. ಗೋಡೆಯ ಮೇಲೆ ತರಕಾರಿಯ ಚಿತ್ರಗಳೇನೋ ಇದ್ದವು. "ಚಿತ್ರದ ಟಮೋಟಕ್ಕೆ ವಾಸನೆ ಐತೇನ್ರೋ? ಬರ್ರಿ, ಗಿಡಾನೇ ಕೇಳಾನ" ಎಂದು ಅಂಗನವಾಡಿ ಹಿಂದಿನ ತರಕಾರಿ ಹಿತ್ತಲಿಗೆ ಓಡಿಸುವಳು. ಎಲ್ಲರಿಗಿಂತ ಮುಂದೆ ತಾನೇ ಓಡುವಳು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆಯಲೇಬೇಕು.

ಮಕ್ಕಳು ಮೊದಲ ಸಲ ಮೂಲಂಗಿ ಕೀಳುವ ದಿನಕ್ಕೆ ಅಕ್ಕ ತಾಯಂದಿರನ್ನೆಲ್ಲ ಕರೆದಿದ್ದಳು. "ನಾಳೆ ನೋಡೋ, ಒಂದೊಂದು ಗಿಡದ ಹೆಸರೂ ಹೇಳ್ತಾವೆ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಅವತ್ತೇ ಸಂಜೆ ನಾನು ಆ ಹಿತ್ತಲಿನ ನಲ್ಲಿ ನೀರು ಕುಡಿಯಲು ಬೇಲಿಯ ಜಾಲಿಮುಳ್ಳು ಸರಿಸಿದೆ. ಮತ್ತೆ ಮುಚ್ಚದೆ, ಕುರಿಗಳನ್ನು ಅಲ್ಲೇ ಬಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಹರಟುತ್ತ ಕೂತೆ. ಬರುವಷ್ಟರಲ್ಲಿ ಬೆನ್ನಿಗೆ ನೀಲಿ ಗುರುತಿನ ನನ್ನ ಕುರಿಗಳು ಹಿತ್ತಲನ್ನು ಬೋಳು ಮಾಡಿದ್ದವು. ಅವನ್ನು ಹೊಡೆದುಕೊಂಡು ಸುಮ್ಮನೆ ಮನೆಗೆ ಹೋದೆ.

ಬೆಳಿಗ್ಗೆ ಅಕ್ಕ ಬೇಲಿಯ ಬಳಿ ನಿಂತುಬಿಟ್ಟಿದ್ದಳು. "ಯಾರ ಕುರಿನೋ?"

"ಆಂಧ್ರದ ಕಡೆ ಮಂದೆ ಇರ್ಬೇಕಕ್ಕ. ನಿನ್ನೆ ಹೋದ್ವು" ಎಂದೆ.

ಅಷ್ಟರಲ್ಲಿ ಒಬ್ಬಳು ಪುಟ್ಟ ಹುಡುಗಿ ಮುಳ್ಳಿನಿಂದ ಏನನ್ನೋ ಬಿಡಿಸಿ ತಂದುಕೊಟ್ಟಳು. ಅಕ್ಕ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿ, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ ಜೋರಾಗಿ ಚಪ್ಪಾಳೆ ತಟ್ಟಿದಳು. "ಬರ್ರಿ ಬರ್ರಿ! ಕುರಿ ತಿಂದಿದ್ದು ಏನೇನು, ಯಾರು ಹೇಳ್ತೀರಿ?"

ಮಕ್ಕಳು ಮಣ್ಣಿಗೆ ಬಿದ್ದು ಮೂಸತೊಡಗಿದವು.

"ಟಮೋಟ! ಟಮೋಟ!"

"ಚುಚ್ತೈತೆ, ಬದ್ನೆ!"

"ಲೋಳೆ ಲೋಳೆ, ಬೆಂಡೆ ಟೀಚರ್!"

ಎಲೆಯಿಲ್ಲ, ಕಾಯಿಲ್ಲ, ಬರೀ ಮೋಟು! ತಾಯಂದಿರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಒಬ್ಬ ಪೋರ ಮಣ್ಣು ಕೆದಕಿ ಕಿರುಚಿದ: "ಮೂಲಂಗಿ ಒಳಗೇ ಐತೆ! ಕುರಿಗೆ ಗೊತ್ತೇ ಆಗಿಲ್ಲ!" ಅಕ್ಕ ಅವನನ್ನು ಎತ್ತಿಕೊಂಡು ಕುಣಿದಳು. ನಾನೂ ಕುಣಿದೆ. ಆಗಲೇ ಹೇಳಿಬಿಡಬೇಕಿತ್ತು.

ಹೋದ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಈಗ ಆ ಹಿತ್ತಲಿಗೆ ನೀರು ಹಾಕುವವನು ನಾನು. ಮೊನ್ನೆ ಆ ಹುಡುಗಿ, ಈಗ ಒಂದನೇ ಕ್ಲಾಸು, ಬೇಲಿಯ ಬಳಿ ನಿಂತಳು. ತಡೆಯಲಾಗಲಿಲ್ಲ. "ಅವತ್ತು ಮೇಯ್ದಿದ್ದು ನನ್ನ ಕುರಿ ಕಣವ್ವ" ಎಂದೆ.

"ಗೊತ್ತು ಮಾಮ. ಮುಳ್ಳಿನಾಗೆ ಉಣ್ಣೆ ಸಿಕ್ಕಿತ್ತಲ್ಲ, ನೀಲಿದು" ಎಂದಳು. "ಇದು ತರಕಾರಿ ಅಲ್ಲ, ಇದರ ಹೆಸರು ಹೇಳಬ್ಯಾಡ ಅಂದಿದ್ರು ಟೀಚರ್."